ವಾರಕ್ಕೊಂದು ವೇಷ

ಆ ಮಂಗಳವಾರ ಬೆಳಿಗ್ಗೆ ಅವನು ಎಡಗೈಯಲ್ಲಿ ಹಲ್ಲುಜ್ಜಿದ. ಬಾಗಿಲಿನ ಚಿಲಕವನ್ನೂ ಎಡಗೈಯಲ್ಲೇ ತೆಗೆದ. ಎಡಗೈಯನ್ನು ಮುಂದುಮಾಡಿ ಶೂ ಲೇಸು ಕಟ್ಟಲು ಹೋಗಿ ಸಿಕ್ಕುಮಾಡಿಕೊಂಡು, ಮಂಚದ ತುದಿಯಲ್ಲಿ ಕೂತು ತನ್ನನ್ನೇ ಬೈದುಕೊಂಡ. ಬಲಗೈಗೆ ಏನೂ ಆಗಿರಲಿಲ್ಲ. ಹುಟ್ಟಿದಾಗಿನಿಂದ ಅವನು ಬಲಗೈಯವನೇ. ಆದರೆ ಶನಿವಾರದ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಎದುರಾಳಿ ತಂಡದ ದೊಡ್ಡ ಆಟಗಾರ ಎಡಗೈಯವನು. ಹಾಗಾಗಿ ಶುಕ್ರವಾರ ಸಂಜೆಯ ತನಕ ಇವನೂ ಎಡಗೈಯವನೇ. ಕ್ಲಬ್ಬಿನವರು ಇವನಿಗೆ ಸಂಬಳ ಕೊಡುತ್ತಿದ್ದದ್ದು ಈ ಕೆಲಸಕ್ಕೆ.

ಟಿಕೆಟ್ ಕೊಂಡು ಪಂದ್ಯ ನೋಡುವವರಿಗೆ ಈ ಕೆಲಸದ ಸುದ್ದಿ ಗೊತ್ತಿರುವುದಿಲ್ಲ. ಅವರ ಕಣ್ಣು ಅಂಕಣದಲ್ಲಿ ಓಡುವ ಐದು ಜನರ ಮೇಲೆ. ಬೆಂಚಿನ ಮೇಲೆ ಕೂತವರಲ್ಲಿ ಮೊದಲ ಮೂರ್ನಾಲ್ಕು ಜನ ಆಗಾಗ ಎದ್ದು ಒಳಗೆ ಹೋಗಿ ಬರುತ್ತಾರೆ. ಬೆಂಚಿನ ಕಟ್ಟಕಡೆಗೆ, ನೀರಿನ ಬಾಟಲಿಗಳ ಪಕ್ಕ, ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಕೂತಿರುವವನನ್ನು ಯಾರೂ ನೋಡುವುದಿಲ್ಲ. ವಾರವಿಡೀ ಎದುರಾಳಿಯ ವೇಷ ಹಾಕಿ ಸ್ವಂತ ತಂಡದವರಿಂದ ಗುದ್ದಿಸಿಕೊಂಡವನು ಅವನೇ. ಬರುವ ಪಂದ್ಯದಲ್ಲಿ ಯಾರನ್ನು ತಡೆಯಬೇಕೋ ಅವರ ಹಾಗೆ ಓಡಬೇಕು, ಅವರ ಹಾಗೆ ತಿರುಗಬೇಕು, ಅವರ ಹಾಗೆ ಎಸೆಯಬೇಕು. ಉಳಿದವರು ಅವನನ್ನು ತಡೆದು ತಡೆದು ಕಲಿಯುತ್ತಾರೆ. ಶನಿವಾರ ಬಂದರೆ ಅವನ ಕೆಲಸ ಮುಗಿಯಿತು. ಸೋಮವಾರ ಹೊಸ ಎದುರಾಳಿ, ಹೊಸ ವೇಷ.

ಬೆಳೆದ ಓಣಿಯಲ್ಲಿ ಅವನನ್ನು ಏಣಿ ಎಂದು ಕರೆಯುತ್ತಿದ್ದರು. ಅಪ್ಪ ಇರಲಿಲ್ಲ. ಅಮ್ಮ ಓಣಿಯ ಬಾಯಲ್ಲೇ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಮಗನ ಪ್ಯಾಂಟುಗಳಿಗೆ ವರ್ಷಕ್ಕೆರಡು ಸಲ ಕೆಳಗೆ ಬಟ್ಟೆ ಜೋಡಿಸಿ ಜೋಡಿಸಿ, "ನಿನ್ನನ್ನ ಅಳೆದು ಹೊಲಿಯೋ ಬದಲು ಒಂದು ಗೋಪುರಕ್ಕೆ ಗವಸು ಹೊಲಿದಿದ್ರೆ ಹೆಸರಾದ್ರೂ ಬರ್ತಿತ್ತು ಕಣೋ" ಎನ್ನುತ್ತಿದ್ದಳು. ಅಂಗಡಿಯ ಎದುರು ಗೋಡೆಗೆ ಯಾರೋ ಎಂದೋ ಹೊಡೆದಿದ್ದ ಕಬ್ಬಿಣದ ರಿಂಗು ಒಂದಿತ್ತು. ಅದರ ಮುಂದೆ ಅಡ್ಡಲಾಗಿ ಮೇಲಿನ ಮನೆಯಾಕೆ ಬಟ್ಟೆ ಒಣಹಾಕುವ ಹಗ್ಗ. ಚೆಂಡು ಒದ್ದೆ ಬೆಡ್‌ಶೀಟಿಗೆ ತಾಗಿದರೆ ಆಕೆ ಬೈಗುಳದಲ್ಲೇ ಮೂರು ತಲೆಮಾರು ತೊಳೆದುಬಿಡುತ್ತಿದ್ದಳು. ಅದಕ್ಕೇ ಅವನು ಚೆಂಡನ್ನು ಹಗ್ಗದ ಮೇಲಿಂದ, ಆಕಾಶಕ್ಕೆ ಅರ್ಜಿ ಹಾಕುವವನ ಹಾಗೆ, ಎತ್ತರಕ್ಕೆ ಎಸೆಯುವುದನ್ನು ರೂಢಿ ಮಾಡಿಕೊಂಡ. ಎಸೆಯುವ ಮುಂಚೆ ನಾಲಗೆಯ ತುದಿ ಕಚ್ಚಿಕೊಳ್ಳುತ್ತಿದ್ದ. ಚೆಂಡು ಮೇಲೇರಿ, ಅಲ್ಲೊಂದು ಗಳಿಗೆ ನಿಂತು ಯೋಚಿಸಿ, ನೆಟ್ಟಗೆ ರಿಂಗಿನೊಳಗೆ ಇಳಿಯುತ್ತಿತ್ತು. ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, ಬಿತ್ತೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುತ್ತಿದ್ದಳು.

ಆ ಎತ್ತರದ ಎಸೆತವೇ ಅವನನ್ನು ಕ್ಲಬ್ಬಿಗೆ ಕರೆತಂದಿತು. ಯಾವುದೋ ಚಿಕ್ಕ ಪಂದ್ಯಾವಳಿಯಲ್ಲಿ ಅದನ್ನು ನೋಡಿದ ಕ್ಲಬ್ಬಿನ ಕೋಚ್ ಒಂದು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡರು. ಓಣಿಯವರು ಬಸ್ಸಿನ ತನಕ ಬಂದು ಕಳಿಸಿದರು. ಅಭ್ಯಾಸ ಶುರುವಾದ ಮೊದಲ ವಾರವೇ ಕೋಚ್, "ಈ ಆಕಾಶಬಾಣ ಎಲ್ಲ ಇಲ್ಲಿ ನಡೆಯಲ್ಲಪ್ಪ. ಚೆಂಡು ಮೇಲೆ ಹೋಗಿ ಬರೋದರೊಳಗೆ ಎದುರಾಳಿ ಊಟ ಮಾಡಿ ಬಂದಿರ್ತಾನೆ" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಹೊಸಬನಲ್ಲವೇ, ನಗಲೇಬೇಕು.

ನಕ್ಕ ಮೇಲೆ ಇನ್ನೊಂದು ಸಂಗತಿ ಪತ್ತೆಯಾಯಿತು. ಯಾರದೇ ಆಟವನ್ನು ಎರಡು ಸಲ ವಿಡಿಯೊದಲ್ಲಿ ನೋಡಿದರೆ ಸಾಕು, ಇವನ ಮೈ ಅದನ್ನು ಹಿಡಿದುಬಿಡುತ್ತಿತ್ತು. ಭುಜ ಬೀಳಿಸುವ ರೀತಿ, ಓಡುವಾಗ ಮೊಣಕೈ ಆಡಿಸುವ ರೀತಿ, ಚೆಂಡು ಬರುವ ಮೊದಲು ಪಾದ ತಿರುಚುವ ರೀತಿ, ಒಂದೂ ಬಿಡುತ್ತಿರಲಿಲ್ಲ. ಕೋಚ್‌ಗೆ ನಿಧಿ ಸಿಕ್ಕಿದಂತಾಯಿತು. ಅವರು ಒಂದು ನಿಯಮ ತಂದರು: ವಾರದ ವೇಷ ಯಾರದೋ, ವಾರವಿಡೀ ಇವನನ್ನು ಆ ಆಟಗಾರನ ಅಡ್ಡಹೆಸರಿನಿಂದಲೇ ಕರೆಯಬೇಕು. ಅಭ್ಯಾಸದಲ್ಲಿ ಮಾತ್ರವಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲೂ, ಊಟದ ಮನೆಯಲ್ಲೂ, ಬಸ್ಸಿನಲ್ಲೂ. ಹುಡುಗರು ಅವನ ಮುಖ ನೋಡಿದ ಕೂಡಲೇ ಎದುರಾಳಿ ನೆನಪಾಗಬೇಕಂತೆ. ಹೀಗೆ ಒಂದು ವಾರ ಅವನು ಬುಲ್ಡೋಜರ್, ಇನ್ನೊಂದು ವಾರ ಮಿಡತೆ, ಮತ್ತೊಂದು ವಾರ ಡಾಕ್ಟರು. ಅಡುಗೆಯವನು ಕೂಡ "ಬುಲ್ಡೋಜರ್‌ಗೆ ಇನ್ನೆರಡು ಮೊಟ್ಟೆ" ಎನ್ನುತ್ತಿದ್ದ. ಎದುರಾಳಿ ಎಂದ ಮೇಲೆ ಪಕ್ಕದಲ್ಲಿ ಕೂತು ಹರಟುವವರು ಯಾರು? ತಮಾಷೆಗೆಂದು ಶುರುವಾದದ್ದು ಅಭ್ಯಾಸವಾಯಿತು, ಅಭ್ಯಾಸವಾದದ್ದು ಗೋಡೆಯಾಯಿತು. ಊಟದ ಮೇಜಿನಲ್ಲಿ ಅವನ ಎರಡೂ ಪಕ್ಕದ ಕುರ್ಚಿಗಳು ಖಾಲಿ ಇರತೊಡಗಿದವು. ಯಾರಿಗೂ ದ್ವೇಷವಿರಲಿಲ್ಲ. ದ್ವೇಷವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಕ್ಲಬ್ಬಿನ ಬಾಗಿಲ ಬಳಿ ದೊಡ್ಡ ಅಕ್ಷರಗಳಲ್ಲಿ "ನಾವೆಲ್ಲ ಒಂದೇ ಕುಟುಂಬ" ಎಂದು ಬರೆಸಿದ್ದರು. ಇಂಥ ಮಾತನ್ನು ಬಣ್ಣದಲ್ಲಿ ಬರೆಸಿಡುವ ಕಡೆ ಮನುಷ್ಯ ತನ್ನ ಜೇಬನ್ನೂ ತನ್ನ ಹೆಸರನ್ನೂ ಭದ್ರವಾಗಿ ಹಿಡಿದುಕೊಂಡೇ ಒಳಗೆ ಹೋಗಬೇಕು. ನಿಜವಾದ ಮನೆಗಳಲ್ಲಿ ಯಾರೂ ಹಾಗೆ ಬರೆದುಕೊಂಡಿರುವುದಿಲ್ಲ.

ಅವನು ಇದ್ದದ್ದು ಟೈರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಮಂಚ ಗಿಡ್ಡ. ಕಾಲ ಬಳಿ ಸ್ಟೂಲು ಇಟ್ಟು, ಸ್ಟೂಲಿನ ಮೇಲೆ ದಿಂಬು ಇಟ್ಟು, ಪಾದಗಳನ್ನು ಬೇರೆ ಸಂಸಾರ ಹೂಡಿಸಿದ ಹಾಗೆ ಅಲ್ಲಿಟ್ಟು ಮಲಗುತ್ತಿದ್ದ. ಬೆಳಗಾದರೆ ಕೆಳಗಿನಿಂದ ಗಾಳಿ ತುಂಬುವ ಯಂತ್ರದ ಸದ್ದು, ರಬ್ಬರಿನ ವಾಸನೆ. ಮನೆಯೊಡತಿ ಅವನನ್ನು ಉದ್ದಪ್ಪ ಎಂದು ಕರೆಯುತ್ತಿದ್ದಳು. ಆಕೆಗೆ ಇವನ ನೆನಪಾಗುತ್ತಿದ್ದದ್ದು ಟ್ಯೂಬ್‌ಲೈಟು ಕೈಕೊಟ್ಟಾಗ.

"ಉದ್ದಪ್ಪ, ಸ್ವಲ್ಪ ಬಂದು ಹೋಗಪ್ಪ. ನಿನ್ನಂಥೋನು ಮನೇಲಿರೋವಾಗ ಸ್ಟೂಲು ಹತ್ತಿ ಸೊಂಟ ಮುರ್ಕೊಳ್ಳೋದು ಯಾಕೆ ನಾನು?"

"ಬಂದೆ ಆಂಟಿ."

"ಕೆಲಸ ಎಲ್ಲಿ ಅಂದೆ? ಚೆಂಡಾಟನಾ? ಅದಲ್ಲಪ್ಪ, ಕೆಲಸ."

"ಅದೇ ಆಂಟಿ ಕೆಲಸ."

"ಹೌದಾ. ಟೀವೀಲಿ ಬರ್ತೀಯಾ ಹಾಗಾದ್ರೆ?"

"ಬೆಂಚ್ ತೋರಿಸಿದ್ರೆ ಬರ್ತೀನಿ."

ಆಕೆ ನಕ್ಕಳು. ಆ ವಾರ ಯಾರಾದರೂ ಅವನ ಮಾತಿಗೆ ನಕ್ಕದ್ದು ಅದೊಂದೇ ಸಲ. ಆಕೆ ಕರೆಯಲಿ ಎಂದು ಅವನು ಆಮೇಲೆ ಕೆಲವು ದಿನ ಮೆಟ್ಟಿಲ ಬಳಿಯ ದೀಪವನ್ನು ನೋಡುತ್ತಿದ್ದ. ಅದು ಚೆನ್ನಾಗಿಯೇ ಉರಿಯುತ್ತಿತ್ತು.

ಅಮ್ಮ ಭಾನುವಾರ ಫೋನ್ ಮಾಡುತ್ತಿದ್ದಳು. ಪ್ರತಿ ಶನಿವಾರ ಅಂಗಡಿಯ ಪುಟ್ಟ ಟೀವಿಯ ಮುಂದೆ ಓಣಿಯವರನ್ನೆಲ್ಲ ಕೂರಿಸಿಕೊಂಡು ಪಂದ್ಯ ನೋಡುವುದು ಅವಳ ಹೊಸ ಚಟ. "ಈ ಸಲವೂ ನಿನ್ನನ್ನ ಇಳಿಸಲಿಲ್ಲವಲ್ಲೋ" ಎನ್ನುತ್ತಿದ್ದಳು. "ಮುಂದಿನ ವಾರ ಅಮ್ಮ" ಎನ್ನುತ್ತಿದ್ದ. ಅವನಿಗೆ ಬೇರೇನೂ ಬೇಕಿರಲಿಲ್ಲ. ಕರಾರು ಮುಗಿಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಆ ಟೀವಿಯಲ್ಲಿ ಅಮ್ಮನಿಗೆ ಕಾಣಬೇಕು. ತಾನಾಗಿ ಆಡಿ ಕಾಣಬೇಕು.

ಎಡಗೈ ವಾರದ ಶನಿವಾರ ಅದು ಕೂಡಿಬಂತು. ಮೊದಲರ್ಧದಲ್ಲಿ ಒಬ್ಬನ ಕಾಲು ಉಳುಕಿತು. ದ್ವಿತೀಯಾರ್ಧದಲ್ಲಿ ಇಬ್ಬರು ಫೌಲ್ ಮೇಲೆ ಫೌಲ್ ಮಾಡಿ ಹೊರಬಿದ್ದರು. ಎರಡೂ ತಂಡಗಳ ಸ್ಕೋರು ಸಮಸಮವಾಗಿ ನಡೆಯುತ್ತಿತ್ತು. ಕೋಚ್ ಬೆಂಚಿನ ಉದ್ದಕ್ಕೂ ಕಣ್ಣು ಹಾಯಿಸಿ, ಕೊನೆಗೆ ನೀರಿನ ಬಾಟಲಿಗಳ ಪಕ್ಕಕ್ಕೆ ಬಂದು, "ಎಡಗೈ, ಏಳು" ಎಂದರು. ಆ ಹೆಸರಿಗೇ ಅವನು ಎದ್ದ.

ಅಂಕಣ ಅವನು ಅಂದುಕೊಂಡಿದ್ದಕ್ಕಿಂತ ಪ್ರಖರವಾಗಿತ್ತು. ಮೇಲಿನ ದೀಪಗಳ ಬೆಳಕಿಗೆ ಪ್ರೇಕ್ಷಕರ ಮುಖಗಳೇ ಕಾಣಿಸುತ್ತಿರಲಿಲ್ಲ, ಬರೀ ಸದ್ದು. ಎದುರಾಳಿ ತಂಡದವರು ನಿಜವಾದ ಎಡಗೈಯವನನ್ನು ಮುಂದಿಟ್ಟುಕೊಂಡು ಬಂದರು. ಇವನು ಅವನ ಮುಂದೆ ನಿಂತ. ಕನ್ನಡಿಯ ಎದುರು ನಿಂತಂತೆ ಆಯಿತು. ಆತ ಭುಜ ಬೀಳಿಸಿದರೆ ಇವನ ಭುಜವೂ ಬಿತ್ತು. ಎಲ್ಲಿ ತಿರುಗುತ್ತಾನೆ, ಯಾವಾಗ ನಿಲ್ಲುತ್ತಾನೆ, ಮೈಗೆ ಮೊದಲೇ ಗೊತ್ತು. ಎರಡು ಸಲ ಚೆಂಡು ಕಿತ್ತುಕೊಂಡ. ಸಭಾಂಗಣ ಗುಯ್ಯೆಂದಿತು. ಕೊನೆಯ ನಿಮಿಷದಲ್ಲಿ ಕ್ಯಾಪ್ಟನ್ ಇಬ್ಬರ ನಡುವೆ ಸಿಕ್ಕಿಹಾಕಿಕೊಂಡು, ಮೂಲೆಯಲ್ಲಿ ಒಬ್ಬನೇ ನಿಂತಿದ್ದ ಇವನನ್ನು ಕಂಡು ಚೆಂಡು ಕೊಟ್ಟ. ಮುಂದೆ ಯಾರೂ ಇಲ್ಲ. ಬುಟ್ಟಿ ಬಾಯಿ ತೆರೆದುಕೊಂಡು ಕಾಯುತ್ತಿದೆ. ಓಣಿಯ ಹುಡುಗನಿಗೆ ಅದು ನಿದ್ದೆಗಣ್ಣಲ್ಲೂ ಬೀಳುವ ಎಸೆತ.

ಅವನು ಎಡಗೈಯಲ್ಲಿ ಎಸೆದ.

ಎಸೆದಾದ ಮೇಲೆ ಅವನಿಗೂ ಗೊತ್ತಾದದ್ದು. ಚೆಂಡು ಬುಟ್ಟಿಯ ಹಿಂದಿನ ಹಲಗೆಯ ಪಕ್ಕೆಗೆ ಬಡಿದು ಅದರಾಚೆ ಕೂತಿದ್ದ ಫೋಟೊಗ್ರಾಫರನ ಮಡಿಲಿಗೆ ಹೋಗಿ ಬಿತ್ತು. ಆಚೆ ತುದಿಯಲ್ಲಿ ಎದುರಾಳಿಯವರು ಗೆಲುವಿನ ಬುಟ್ಟಿ ಹಾಕಿದರು. ನಿಜವಾದ ಎಡಗೈಯವನು ಇವನ ಪಕ್ಕದಿಂದ ಹಾದುಹೋಗುವಾಗ ಒಂದು ಕ್ಷಣ ನಿಂತು, ತನ್ನದೇ ಭೂತ ಕಂಡವನ ಹಾಗೆ ಇವನ ಕೈ ನೋಡಿ ಹೋದ.

ಬಟ್ಟೆ ಬದಲಿಸುವ ಕೋಣೆಗೆ ಕೋಚ್ ಬಂದರು. "ನಿನಗೆ ಬಲಗೈ ಇಲ್ವೇನಯ್ಯ?"

"ಇದೆ ಸರ್."

"ಮತ್ತೆ ಎಡಗೈಯಲ್ಲಿ ಯಾಕೆ ಎಸೆದೆ?"

ಅವನು ಯೋಚಿಸಿ ನಿಜವನ್ನೇ ಹೇಳಿದ. "ವಾರಪೂರ್ತಿ ಹಾಗೇ ಎಸೆದಿದ್ದೆ ಸರ್. ನೀವೇ ಹೇಳಿದ್ರಿ."

ಯಾರೋ ಕಿಸಕ್ಕೆಂದರು, ಕೋಣೆಯೆಲ್ಲ ನಗೆ. ಕ್ಯಾಪ್ಟನ್ ಮಾತ್ರ ನಗದೆ ಬೂಟು ಬಿಚ್ಚುತ್ತಿದ್ದ. "ನಾವೂ ಅವನನ್ನ ಹಾಗೇ ಕರೆದಿದ್ವಿ ಬಿಡ್ರೋ" ಎಂದು ನೆಲಕ್ಕೆ ಹೇಳಿದ. ನಗುವಿನಲ್ಲಿ ಆ ಮಾತು ಮುಳುಗಿತು.

ಮರುದಿನ ಆ ಎಸೆತ ಎಲ್ಲರ ಫೋನುಗಳಲ್ಲಿತ್ತು. ಆ ಹುಡುಗನಿಗೆ ಎಡಬಲ ಗೊತ್ತಿಲ್ಲವೆಂದು ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಕೂತ ಜನ ನಕ್ಕರು. ಒಬ್ಬ ಮನುಷ್ಯನ ಕೈಯನ್ನು ಅವನಿಂದಲೇ ಮರೆಸಿದ್ದು ಯಾರು ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ನಗುವುದಕ್ಕೆ ಬೆರಳು ಸಾಕು. ಕೇಳುವುದಕ್ಕೆ ಬಾಯಿ ಬೇಕು.

ಭಾನುವಾರ ಅಮ್ಮನ ಫೋನು ಬರುವ ಹೊತ್ತಿಗೆ ಅವನು ಏನು ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ.

"ಈ ಸಲವೂ ನಿನ್ನನ್ನ ಇಳಿಸಲಿಲ್ಲವಲ್ಲೋ" ಎಂದಳು ಅಮ್ಮ.

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಕೊನೇಲಿ ಯಾವನೋ ಒಬ್ಬ ಉದ್ದನೆಯ ಎಡಚನನ್ನ ಇಳಿಸಿದ್ರು. ಎಲ್ಲ ಕೆಡಿಸಿಬಿಟ್ಟ ಪಾಪ. ಕಾರ್ನರ್ ಅಂಗಡಿಯವನು ಇದು ನಿನ್ ಮಗ ಕಣಕ್ಕ ಅಂತ ವಾದ ಮಾಡ್ದ ನೋಡು. ನಾನು ಹೇಳ್ದೆ, ನಾನು ಹೆತ್ತಿರೋದು ಬಲಗೈಯವನನ್ನ ಕಣಪ್ಪ. ನಡಿಗೆನೂ ನನ್ ಮಗಂದಲ್ಲ, ನಿಲ್ಲೋದೂ ನನ್ ಮಗಂದಲ್ಲ. ಟೀವೀಲಿ ಮುಖ ಕಡ್ಲೆಕಾಯಷ್ಟು ಕಾಣುತ್ತೆ, ನೀನೇನು ನನಗೆ ಗುರುತು ಹೇಳಿಕೊಡೋದು ಅಂದೆ. ಬಾಯಿ ಮುಚ್ಚಿಕೊಂಡ."

ಅಮ್ಮ ಜನರನ್ನು ಮುಖದಿಂದ ಗುರುತಿಸುವವಳಲ್ಲ. ಹೆಗಲಿನ ಇಳಿಜಾರು, ಸೊಂಟದ ಓರೆ, ನಡೆಯುವಾಗ ಬಟ್ಟೆ ಎಲ್ಲಿ ಜಗ್ಗುತ್ತದೆ ಎನ್ನುವುದರಿಂದ ಗುರುತಿಸುವವಳು. ಅವಳ ಕಣ್ಣು ತಪ್ಪಿರಲಿಲ್ಲ.

"ಹೌದಮ್ಮ" ಎಂದ ಅವನು. "ಅದು ನಾನಲ್ಲ."

ಫೋನು ಇಟ್ಟು, ಚೆಂಡು ತೆಗೆದುಕೊಂಡು, ಮುಚ್ಚಿದ್ದ ಶಾಲೆಯೊಂದರ ಹಿಂದಿನ ಸಿಮೆಂಟಿನ ಅಂಕಣಕ್ಕೆ ಹೋದ. ರಿಂಗಿಗೆ ಬಲೆ ಇರಲಿಲ್ಲ. ಬಲಗೈಯಲ್ಲಿ ಎಸೆದ, ಅದು ಬುಲ್ಡೋಜರನ ಎಸೆತವಾಗಿತ್ತು. ಇನ್ನೊಂದು ಎಸೆದ, ಡಾಕ್ಟರನದು. ಮತ್ತೊಂದು, ಮಿಡತೆಯದು. ಚೆಂಡು ಬೀಳುತ್ತಿತ್ತು, ಚೆನ್ನಾಗಿಯೇ ಬೀಳುತ್ತಿತ್ತು. ಆದರೆ ಎಸೆಯುತ್ತಿದ್ದವರು ಬೇರೆ ಬೇರೆ ಜನ. ಅವನ ಮೈಯೊಳಗೆ ಇಡೀ ಲೀಗಿನ ಆಟಗಾರರು ಬಾಡಿಗೆಗಿದ್ದರು, ಮನೆಯ ಒಡೆಯನೇ ಪತ್ತೆಯಿರಲಿಲ್ಲ.

ಮರುವಾರ ಅವನು ಕೋಚ್‌ನ ಕೋಣೆಗೆ ಹೋದ. ಅಲ್ಲಿ ಅವನಿಗೆ ಮುಂದಿನ ವರ್ಷದ ಕರಾರು ಕಾದಿತ್ತು.

"ಕೂತ್ಕೋ. ಅವತ್ತಿನದು ಬಿಡು, ಮರೆತುಬಿಡು. ನಿನ್ನಂಥ ಅಭ್ಯಾಸದ ಆಟಗಾರ ಯಾವ ಕ್ಲಬ್ಬಿಗೂ ಇಲ್ಲ. ಮುಂದಿನ ವರ್ಷವೂ ಇರು. ಪಂದ್ಯದ ಚಿಂತೆ ಬೇಡ, ಅಂಕಣಕ್ಕೆ ಇಳಿಸೋದೇ ಇಲ್ಲ. ಆರಾಮಾಗಿರ್ತೀಯ."

"ಸರ್, ಒಂದು ಕೇಳಬಹುದಾ?"

"ಕೇಳಪ್ಪ."

"ಒಂದು ವಾರ ಅಭ್ಯಾಸದಲ್ಲಿ ನನ್ನ ಆಟ ಆಡ್ಲಾ? ಬೇರೆ ಯಾರದೂ ಅಲ್ಲದೆ?"

ಕೋಚ್ ಕೆಟ್ಟವರಾಗಿರಲಿಲ್ಲ. ಸಿಟ್ಟಾಗಲಿಲ್ಲ. ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟರು. "ನಿನ್ನ ಹಾಗೆ ಆಡೋ ಎದುರಾಳಿ ಯಾವ ತಂಡದಲ್ಲಿದ್ದಾನೆ ಹೇಳು? ನಿನ್ನನ್ನ ತಡೆಯೋದು ಕಲಿತು ನನ್ನ ಹುಡುಗರು ಏನ್ ಮಾಡ್ಲಿ?"

ಎಂಥ ಸರಿಯಾದ ಲೆಕ್ಕ. ಕೆಟ್ಟವರು ಬಾಯಿಬಿಟ್ಟು ಬೈಯುತ್ತಾರೆ, ಅವರನ್ನು ಎದುರಿಸಬಹುದು. ಇಂಥ ಒಳ್ಳೆಯವರ ಸರಿಯಾದ ಲೆಕ್ಕಗಳಲ್ಲೇ ಮನುಷ್ಯರು ಶೇಷವೂ ಉಳಿಯದಂತೆ ಕರಗುವುದು.

"ಕೊನೇ ಪಂದ್ಯ ಆದ ಮರುದಿನ ಬೆಳಿಗ್ಗೆ ಬಂದು ಸಹಿ ಹಾಕು" ಎಂದರು. "ಹೂಂ ಸರ್" ಎಂದ.

ಕೊನೆಯ ವಾರ ಅವನು ಗಿಡುಗನಾಗಿದ್ದ. ಗಿಡುಗನ ಎಸೆತ ನೆಲಕ್ಕೆ ಸಮವಾಗಿ, ಬಂದೂಕಿನ ಗುಂಡಿನ ಹಾಗೆ ಹೋಗುವಂಥದ್ದು. ಅಭ್ಯಾಸದಲ್ಲಿ ಅದನ್ನು ಚಾಚೂ ತಪ್ಪದೆ ಎಸೆದ. ಸಂಜೆ ಆದರೆ ಶಾಲೆಯ ಹಿಂದಿನ ಅಂಕಣ. ಒಂದು ದಿನ ಅಲ್ಲಿ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದ. ಕೋಣೆಯ ಬೆಡ್‌ಶೀಟನ್ನು ನೆನೆಸಿ ತಂದು ಅದರ ಮೇಲೆ ಹರವಿದ. ದಾರಿಹೋಕರೊಬ್ಬರು ನಿಂತು ನೋಡಿ, "ಬಟ್ಟೆ ಒಣಹಾಕೋಕೆ ಇಷ್ಟು ದೂರ ಬರ್ಬೇಕಾ ತಮ್ಮಾ?" ಎಂದು ಕೇಳಿ ಹೋದರು. ಮೊದಲ ಎಸೆತ ಬೆಡ್‌ಶೀಟಿಗೇ ಬಡಿಯಿತು. ಯಾರೂ ಬೈಯಲಿಲ್ಲ. ಬೈಯಲು ಯಾರಾದರೂ ಇದ್ದಿದ್ದರೆ ಎನಿಸಿತು. ಕತ್ತಲಾಗುವ ಮುಂಚೆ ಒಂದು ಚೆಂಡು ಹಗ್ಗದ ಮೇಲಿಂದ ದಾಟಿತು. ರಿಂಗಿಗೆ ತಾಗಲಿಲ್ಲ. ಆದರೆ ಎಸೆದಾಗ ನಾಲಗೆಯ ತುದಿ ಹಲ್ಲಿಗೆ ಸಿಕ್ಕಿ ಉರಿಯಿತು. ಅಲ್ಲೇ ನಿಂತು ಆ ಉರಿಯನ್ನು ಚಪ್ಪರಿಸಿದ.

ಕೊನೆಯ ಪಂದ್ಯ ಶನಿವಾರ ಮಧ್ಯಾಹ್ನ. ಗಿಡುಗ ಆ ದಿನ ಯಾರ ಕೈಗೂ ಸಿಗಲಿಲ್ಲ. ಮುಕ್ಕಾಲು ಪಂದ್ಯಕ್ಕೇ ಇವರ ತಂಡ ಮೇಲೇಳಲಾಗದಷ್ಟು ಹಿಂದೆ ಬಿದ್ದಿತ್ತು. ಜನ ಎದ್ದು ಹೊರಡತೊಡಗಿದ್ದರು. ಹೀಗೆ ಸತ್ತ ಪಂದ್ಯದಲ್ಲಿ ಬೆಂಚನ್ನು ಖಾಲಿ ಮಾಡುವುದು ವಾಡಿಕೆ. ಕೋಚ್ ಅವನ ಬಳಿ ಬಗ್ಗಿ, "ಹೋಗು. ಚೆಂಡು ಸಿಕ್ಕಿದ್ರೆ ಕ್ಯಾಪ್ಟನ್‌ಗೆ ಕೊಡು. ಎಸೆಯೋ ಸಾಹಸ ಬೇಡ. ಇನ್ನೊಂದು ಸಲ ಕ್ಲಬ್ಬಿನ ಮಾನ ಫೋನ್‌ಗಳಲ್ಲಿ ಓಡಾಡಿದ್ರೆ ನಾಳೆ ಸಹಿಗೆ ಬರೋದು ಬೇಡ, ತಿಳೀತಾ?" ಎಂದರು.

ತಿಳಿಯಿತು. ಅವನು ಇಳಿದ.

ಕೊನೆಕೊನೆಗೆ ಚೆಂಡು ಅದೇ ಮೂಲೆಯಲ್ಲಿ ಅವನ ಕೈಗೆ ಬಂತು. ಕ್ಯಾಪ್ಟನ್ ಕೈ ಚಾಚಿ ಕೇಳಲಿಲ್ಲ. ಸುಮ್ಮನೆ ನಿಂತು ನೋಡಿದ. ಎದುರು ಗಿಡುಗ ತೋಳೆತ್ತಿ ಓಡಿಬರುತ್ತಿದ್ದ. ಆ ತೋಳುಗಳ ಮೇಲೆ, ದೀಪಗಳ ಕೆಳಗೆ, ಅವನಿಗೊಂದು ಹಗ್ಗ ಬೇಕಿತ್ತು. ಅಂದಾಜಿನಲ್ಲೇ ಕಟ್ಟಿಕೊಂಡ. ನಾಲಗೆ ಕಚ್ಚಿದ. ಬಲಗೈ ಎತ್ತಿ ಎಸೆದ.

ಚೆಂಡು ಹೋಯಿತು, ಹೋಯಿತು, ಚಾವಣಿಯ ಬಳಿ ನಿಂತು ಯೋಚಿಸಿತು. ಉಳಿದಿದ್ದ ಪ್ರೇಕ್ಷಕರು ತಲೆಯೆತ್ತಿದರು. ಚೆಂಡು ಇಳಿದು ಬಂದು ರಿಂಗಿನ ಹಿಂಬದಿಗೆ ಠಣ್ಣೆಂದು ಬಡಿಯಿತು. ಮೇಲೆ ಚಿಮ್ಮಿ ಹೊರಗೆ ಬಿತ್ತು. ಯಾರೋ ಶಿಳ್ಳೆ ಹೊಡೆದರು, ಯಾರೋ ನಕ್ಕರು. ಪಂದ್ಯ ಮುಗಿಯಿತು.

ಹೊರಗೆ ಹೋಗುವ ದಾರಿಯಲ್ಲಿ ಕೋಚ್ ಅವನನ್ನು ನೋಡದೆಯೇ, "ನಾಳೆ ಬರ್ಬೇಡಪ್ಪ" ಎಂದರು. ಮಾತಿನಲ್ಲಿ ಸಿಟ್ಟಿಗಿಂತ ಸುಸ್ತು ಇತ್ತು. ಇನ್ನೊಬ್ಬ ಉದ್ದನೆಯ ಹುಡುಗನನ್ನು ಹುಡುಕಬೇಕಲ್ಲ. ಸಿಗುತ್ತಾನೆ. ಸಿಗುತ್ತಲೇ ಇರುತ್ತಾರೆ.

ಬಟ್ಟೆ ಬದಲಿಸುವ ಕೋಣೆ ಬೇಗ ಖಾಲಿಯಾಯಿತು. ಕ್ಯಾಪ್ಟನ್ ಬಾಗಿಲ ತನಕ ಹೋದವನು ತಿರುಗಿ, "ನಿನ್ನನ್ನ ನಿಮ್ಮ ಕಡೆ ಏನಂತ ಕರೀತಾರೋ?" ಎಂದು ಕೇಳಿದ.

"ಏಣಿ."

"ಚೆನ್ನಾಗಿದೆ" ಎಂದು ಹೋದ.

ಅವನು ಒಬ್ಬನೇ ಕೂತಿದ್ದ. ಎಲ್ಲೋ ಸರಿಯಾಗಿ ನಿಲ್ಲಿಸದ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಫೋನು ಅಲುಗಿತು. ಶನಿವಾರ ಅಮ್ಮ ಫೋನ್ ಮಾಡುವವಳಲ್ಲ.

"ಊಟ ಮಾಡ್ತಿಲ್ವೇನೋ?" ಎಂದಳು ಅಮ್ಮ. ಹಿಂದೆ ಅಂಗಡಿಯಲ್ಲಿ ಜನರ ಗದ್ದಲ.

"ಮಾಡ್ತಿದ್ದೀನಮ್ಮ. ಯಾಕೆ?"

"ಚಡ್ಡಿ ಸೊಂಟದಲ್ಲಿ ನಿಲ್ತಾನೇ ಇಲ್ಲ. ಎಸೆಯೋವಾಗ ಕೈ ಎತ್ತಿದ್ಯಲ್ಲ, ಎಷ್ಟು ಕೆಳಗೆ ಜಾರ್ತು ನೋಡ್ದೆ. ಓಣಿಯವರ ಮುಂದೆ ನಾಚಿಕೆ ಆಗೋಯ್ತು."

ಅವನು ಚಡ್ಡಿಯ ಸೊಂಟಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ.

"ಬರೋವಾಗ ತಗೊಂಡ್ಬಾ" ಎಂದಳು. "ಎರಡು ಕಡೆ ಹಿಡಿದು ಹೊಲಿದುಕೊಡ್ತೀನಿ."

"ಇದು ಕ್ಲಬ್ಬಿಂದಮ್ಮ" ಎಂದ. "ವಾಪಸ್ ಕೊಡ್ಬೇಕು."

"ಕೊಟ್ಟು ಬಾ ಹಾಗಾದ್ರೆ."

ಫೋನು ಇಟ್ಟು ಚಡ್ಡಿ ಬದಲಿಸಿದ. ಎಲ್ಲರ ಬೆವರಿನ ಬಟ್ಟೆಗಳು ತುಂಬಿದ್ದ ಗಾಲಿತೊಟ್ಟಿ ಕೋಣೆಯ ಆಚೆ ತುದಿಯಲ್ಲಿತ್ತು. ಎಸೆದರೆ ಬೀಳುವಷ್ಟು ದೂರ. ಅವನು ಎಸೆಯಲಿಲ್ಲ. ನಡೆದುಹೋಗಿ, ಮಡಿಸಿ, ಎಲ್ಲದರ ಮೇಲಿಟ್ಟು, ದೀಪ ಆರಿಸಿದ. ಸ್ವಿಚ್ಚು ಒತ್ತಿದ್ದು ಯಾವ ಕೈ ಎಂದು ಮೆಟ್ಟಿಲಿಳಿಯುವಾಗ ಒಮ್ಮೆ ನೋಡಿಕೊಂಡ.